ನೆಕ್ಕುಗಲ್ಲಿನ ಘಟ್ಟ

“ಕೇಳಿರಪ್ಪೋ ಕೇಳಿ! ಘಟ್ಟದ ದಾರಿ ಕಟ್ಟಿ ಕೂತಿರುವ ರಕ್ಕಸಿಯ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ಕೇಳಿದ್ದು ಕೊಡುತ್ತಾರೆ. ತಪ್ಪು ಹೇಳಿದವರನ್ನು ಅವಳು ತಿಂದರೆ ಅರಮನೆ ಹೊಣೆಯಲ್ಲ.”

ಕಡಲ ತಡಿಯಿಂದ ಬಯಲುಸೀಮೆಯವರೆಗೂ ಡಂಗುರ ಸಾರಿದರು. ದಾರಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಮೇಲಿನವರಿಗೆ ಉಪ್ಪಿಲ್ಲ, ಕೆಳಗಿನವರಿಗೆ ಜೋಳವಿಲ್ಲ. ಉಪ್ಪಿನ ಆಗರದಲ್ಲಿ ದುಡಿಯುವ ಸುಕ್ರನ ಕೂಸು ಕಾಡುಗೆಣಸು ತಿಂದು ತಿಂದು ಏಳಲಾರದೆ ಮಲಗಿತ್ತು. ಆಗರದವರು ಬರಿಗೈಲಿ ಘಟ್ಟ ಹತ್ತುವುದಿಲ್ಲ. ಸುಕ್ರನೂ ಸೊಂಟಕ್ಕೆ ಒಂದು ಗಂಟು ಉಪ್ಪು ಕಟ್ಟಿಕೊಂಡು ಹೊರಟ.

ಕಣಿವೆಯ ಬಾಯಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು: ಆಸ್ಥಾನದ ಪಂಡಿತ, ದಂಡನಾಯಕನ ಮಗ. ಸುತ್ತ ಎಲುಬು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಬಂಡೆಯ ಮೇಲಿಂದ ರಕ್ಕಸಿ ಕೇಳಿದಳು: “ಪಡುವಣ ಕಡಲಿನ ಮಗ್ಗುಲಲ್ಲೇ ಹುಟ್ಟಿದವಳು ಅದಕ್ಕೆ ಬೆನ್ನು ಹಾಕಿ, ನಾಡೆಲ್ಲ ನಡೆದು ಮೂಡಣ ಕಡಲು ಸೇರುತ್ತಾಳೆ. ಅವಳನ್ನು ಅತ್ತ ತಳ್ಳಿದವರು ಯಾರು?”

“ಅವಳು ನದಿ. ತಳ್ಳಿದ್ದು ವಿಧಿ,” ಎಂದ ಪಂಡಿತ. ರಕ್ಕಸಿಯ ಕೈ ಚಾಚಿತು. ಅವನ ಕಿರುಚು ಅರ್ಧಕ್ಕೇ ನಿಂತಿತು.

“ನಮ್ಮ ದೊರೆಗಳ ಅಪ್ಪಣೆ,” ಎಂದ ದಂಡನಾಯಕನ ಮಗ. ಹೊಗಳಿಕೆ ಎಲ್ಲ ಕಡೆ ನಡೆಯುವುದಿಲ್ಲ. ಅವನ ಒಂದು ಚಪ್ಪಲಿ ಸುಕ್ರನ ಕಾಲ ಬಳಿ ಬಂದು ಬಿತ್ತು.

ಸುಕ್ರ ಬಂದ ದಾರಿಯತ್ತ ತಿರುಗಿ ನೋಡಿದ. ಓಡೋಣ ಅನ್ನಿಸಿತು. ಓಡಿ ಹೋದರೆ ಮನೆಯಲ್ಲಿ ಕೂಸಿನ ಮುಖ ನೋಡಬೇಕಲ್ಲ.

“ನೀರಿಗೆ ತನ್ನದೇ ಮನಸ್ಸು ಅಂತ ಇಲ್ಲ ಅವ್ವೆ,” ಎಂದ. “ಆಗರಕ್ಕೆ ನೀರು ಬಿಡೋನು ನಾನು. ನೆಲ ಎತ್ತ ವಾಲ್ತದೋ ನೀರು ಅತ್ತ ಹರೀತದೆ. ಈ ಘಟ್ಟದ ಬೆನ್ನು ಮೂಡಲಿಗೆ ವಾಲಿದೆ. ತಳ್ಳಿದ್ದು ಇಳಿಜಾರು.”

ರಕ್ಕಸಿ ಒಂದು ಹೆಜ್ಜೆ ಕೆಳಗಿಳಿದಳು. “ಎಲ್ಲರೂ ಮಳೆ ಬಂದಾಗ ಬಿತ್ತುತ್ತಾರೆ. ಮಳೆ ಹೋದ ಮೇಲೆ ಬಿತ್ತುವವರ ಬೆಳೆಗೆ ನೀರು ಕುಡಿಸುವವರು ಯಾರು?”

“ಬಯಲಿನ ಕರಿ ಎರೆಮಣ್ಣು. ಉಪ್ಪಿನ ಹೇರು ಒಯ್ದಾಗ ನನ್ನ ಎತ್ತಿನ ಕಾಲು ಅದರಲ್ಲೇ ಹೂತಿತ್ತು. ಮಳೆನೀರನ್ನ ಹೊಟ್ಟೇಲಿ ಇಟ್ಕೊಂಡು ಚಳೀಲಿ ಜೋಳಕ್ಕೆ ಕುಡಿಸ್ತದೆ.”

ಅವಳು ಈಗ ಮಾರು ದೂರದಲ್ಲಿದ್ದಳು. ಬಾಯಿಂದ ಹಸಿ ನೆತ್ತರಿನ ನಾತ ಬಂತು. “ಕಡಲಿನವರ ಹತ್ತಿರ ರಾಶಿ ಬಿದ್ದಿದೆ, ಅದರಿಂದ ಹೊಟ್ಟೆ ತುಂಬದು. ಬಯಲಿನವರ ಕಣಜ ತುಂಬಿದೆ, ಅದಿಲ್ಲದೆ ತುತ್ತು ಇಳಿಯದು. ನನ್ನ ಕಾಡಲ್ಲಿ ಎಲ್ಲ ಇದೆ, ಅದೊಂದಿಲ್ಲ. ಏನದು?”

“ಉಪ್ಪು.”

“ಮೂರೂ ಸರಿ,” ಎಂದು ರಕ್ಕಸಿ ನಕ್ಕಳು. “ದೊರೆ ಮಾತು ಕೊಟ್ಟಿದ್ದಾನೆ. ನಾನು ಕೊಟ್ಟಿಲ್ಲ. ನನಗಿನ್ನೂ ಹಸಿವು.”

ಸುಕ್ರ ಸೊಂಟಕ್ಕೆ ಕೈ ಹಾಕಿದ. “ಉಪ್ಪೇ ಹೌದೋ ಅಲ್ಲವೋ, ರುಚಿ ನೋಡದೆ ಹೇಗೆ ಹೇಳ್ತೆ ಅವ್ವೆ?” ಎಂದು ಗಂಟು ಬಿಚ್ಚಿದ.

ಅವಳು ಅಂಗೈ ಚಾಚಿದಳು. ಸುಕ್ರ ಕೊಡಲಿಲ್ಲ. “ಉಪ್ಪು ಕೈಯಿಂದ ಕೈಗೆ ಕೊಟ್ಟರೆ ಜಗಳ ಬತ್ತದೆ,” ಎಂದು ಕಲ್ಲಿನ ಮೇಲೆ ಸುರಿದ. ರಕ್ಕಸಿ ಬಾಗಿ ನೆಕ್ಕಿದಳು. ಮತ್ತೆ ನೆಕ್ಕಿದಳು. ಕಲ್ಲು ಬರಿದಾಗುವವರೆಗೂ ಅವಳು ತಲೆ ಎತ್ತಲಿಲ್ಲ.

“ನನ್ನ ಉಪ್ಪು ತಿಂದೆ ಅವ್ವೆ,” ಎಂದ ಸುಕ್ರ. “ಉಪ್ಪು ತಿಂದವರು ಕೊಟ್ಟವರಿಗೆ ಎರಡು ಬಗೆಯುವ ಹಾಗಿಲ್ಲ.”

ಅವಳು ತುಟಿಗೆ ಅಂಟಿದ್ದ ಉಪ್ಪನ್ನೂ ನೆಕ್ಕಿಕೊಂಡಳು. ಆಮೇಲೆ ಬೆನ್ನು ತಿರುಗಿಸಿ ಕಾಡೊಳಗೆ ನಡೆದಳು.

ಏನು ಬೇಕೆಂದು ದೊರೆ ಕೇಳಿದಾಗ ಸುಕ್ರ ಒಂದು ಹೇರು ಜೋಳ ಬೇಡಿದ. ದೊರೆ ಇಪ್ಪತ್ತು ಹೇರು ಕೊಟ್ಟು, ಘಟ್ಟದ ಕಾವಲನ್ನೂ ಅವನಿಗೇ ಒಪ್ಪಿಸಿದ. ಕೂಸು ಉಪ್ಪು ಹಾಕಿದ ಅಂಬಲಿ ಕುಡಿದು ಎದ್ದು ಕೂತಿತು.

ಈಗಲೂ ಆ ದಾರಿ ಹತ್ತುವವರು ಕಲ್ಲಿನ ಮೇಲೆ ಒಂದು ಹಿಡಿ ಉಪ್ಪು ಇಟ್ಟೇ ಮುಂದೆ ಹೋಗುತ್ತಾರೆ. ಯಾರೂ ಹಿಂತಿರುಗಿ ನೋಡುವುದಿಲ್ಲ. ಮರಳಿ ಬರುವಾಗ ಕಲ್ಲು ಒದ್ದೆಯಾಗಿರುತ್ತದೆ.