ಯಾರ ಮಡಿಲಿಗೂ ಹೋಗುವ ಮರಿ

ಮುಸುವ ಕೋತಿಗಳ ಗುಂಪಿನಲ್ಲಿ ಮರಿಯನ್ನು ಎಲ್ಲರೂ ಎತ್ತಿಕೊಳ್ಳುವುದು ರೂಢಿ. ದಣಿದ ತಾಯಿಗೆ ಅಷ್ಟು ಹೊತ್ತಾದರೂ ನಿದ್ದೆ ಸಿಗುತ್ತಿತ್ತು. ಮರಿ ಕೊಸರಾಡಿದರೆ, "ಯಾರು ಕರೆದರೂ ಹೋಗಬೇಕು, ಅಳಬಾರದು" ಎಂದು ತಾಯಿ ಗದರುತ್ತಿದ್ದಳು.

ಒಂದು ಮಧ್ಯಾಹ್ನ ಬೇರೆ ಗುಂಪಿನ ಗಂಡು ಮುಸುವ ಬಂದು, "ಬಾ, ನಾನು ನಿನ್ನ ಮಾವ. ಅಮ್ಮನನ್ನು ಎಬ್ಬಿಸಬೇಡ" ಎಂದಿತು. ಮರಿ ಸದ್ದಿಲ್ಲದೆ ಹೋಯಿತು. ಪಕ್ಕದ ಮರದಿಂದ ಮರಿಯ ಅಜ್ಜಿ ಕಂಡು ಅರಚಿದ್ದಕ್ಕೆ ಅದು ಮರಿಯನ್ನು ಬಿಟ್ಟು ಓಡಿತು.

"ನೀನೇಕೆ ಕಿರುಚಲಿಲ್ಲ?" ಎಂದಳು ತಾಯಿ.

"ಅಳಬಾರದು ಅಂದಿದ್ದೆಯಲ್ಲಮ್ಮ."

ತಾಯಿ ಮರಿಯನ್ನು ಎದೆಗೆ ಅವಚಿಕೊಂಡು, "ಇನ್ನು ಮೇಲೆ ಬೇಡ ಅನಿಸಿದರೆ ಬೇಡ ಅನ್ನು" ಎಂದಳು.

ಸಂಜೆ ಅದೇ ಅಜ್ಜಿ ಕೈ ಚಾಚಿದಳು. ಮರಿ ತಾಯಿಯ ಮುಖ ನೋಡಿ, ಮೆಲ್ಲಗೆ "ಬೇಡ" ಎಂದಿತು. ತೂಕಡಿಸುತ್ತಿದ್ದ ತಾಯಿ ಎದ್ದು ಕುಳಿತು, "ಮಗುವಿಗೆ ಬೇಡವಂತೆ, ಅತ್ತೆ" ಎಂದಳು.