ಇನ್ನೂರು ಅಡಿಯ ಬಾವಿ

"ಅಜ್ಜಾರೆ, ಪುಸ್ತಕದಲ್ಲಿ ಇರುವುದು ಒಂದು, ನನ್ನ ಕಣ್ಣಿಗೆ ಕಂಡದ್ದು ಇನ್ನೊಂದು. ನಾನು ಯಾವುದನ್ನು ಬರೆಯಬೇಕು?"

ಕೇಳಿದವನು ಮುರಿಗೆಪ್ಪ. ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದ. ಊರ ಕೆರೆಯ ಚರಿತ್ರೆಯ ಮೇಲೆ ಅವನೊಂದು ಕಿರು ಸಂಶೋಧನೆ ಬರೆದು ಒಪ್ಪಿಸಬೇಕಿತ್ತು. ಕೆರೆ ಕಟ್ಟಿಸಿದವನು ಒಬ್ಬ ದೇಸಾಯಿ ಎಂದು ಪುಸ್ತಕ ಹೇಳುತ್ತಿತ್ತು. ತೂಬಿನ ಕಲ್ಲಿಗೆ ಹತ್ತಿದ ಪಾಚಿ ತೆಗೆದು ಓದಿದರೆ ಅಲ್ಲಿದ್ದದ್ದು ಒಬ್ಬ ಕುಂಬಾರ ಹೆಂಗಸಿನ ಹೆಸರು. ಪುಸ್ತಕ ಬರೆದವರು ದೊಡ್ಡ ವಿದ್ವಾಂಸರು, ನೀನು ಇನ್ನೂ ಡಿಗ್ರಿ ಮುಗಿಸದವನು, ಪುಸ್ತಕದಲ್ಲಿದ್ದಂತೆ ಬರೆದುಕೊಂಡು ಬಾ ಎಂದು ಅವನ ಮಾರ್ಗದರ್ಶಕರು ಹೇಳಿ ಕಳಿಸಿದ್ದರು.

ಮಠದ ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರು. ಆ ಊರಿನ ಕಾಲೇಜಿನಲ್ಲಿ ಒಬ್ಬಳು ವಿದ್ಯಾರ್ಥಿನಿ ರಸಾಯನಶಾಸ್ತ್ರ ಓದುತ್ತಿದ್ದಳು. ಅವಳ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಅವಳ ಓರಗೆಯ ಮಕ್ಕಳಿಗೂ ಹಾಗೆಯೇ ಇದ್ದವು. ಅವಳ ತಾಯಿಗೆ ನಲವತ್ತು ದಾಟುವ ಮೊದಲೇ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಊರಿನವರು ಇದನ್ನು ಮಣ್ಣಿನ ಗುಣ ಎಂದುಕೊಂಡು ಸುಮ್ಮನಿದ್ದರು.

ಆ ಕಾಲೇಜಿನಲ್ಲಿ ಕೊನೆಯ ವರ್ಷದವರು ಒಂದೊಂದು ಸಂಶೋಧನೆ ಮಾಡಬೇಕು. ಪ್ರತಿವರ್ಷ ಒಬ್ಬರ ಪಾಲಿಗೆ ಶಾಲೆಯ ಹಿಂದಿನ ಕೊಳವೆಬಾವಿ ಬರುತ್ತಿತ್ತು. ಅರ್ಧ ಊರು ಕುಡಿಯುತ್ತಿದ್ದದ್ದು ಅದೇ ನೀರು. ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದು ಬರೆಯಬೇಕು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. ಅದನ್ನು ಮೀರಿದರೆ ಹಲ್ಲು ಕೆಡುತ್ತದೆ, ಮೂಳೆ ಬಿಗಿಯುತ್ತದೆ. ಆ ವರ್ಷ ಬಾವಿ ಇವಳ ಪಾಲಿಗೆ ಬಂತು.

ಪರೀಕ್ಷೆ ಕಷ್ಟದ್ದೇನಲ್ಲ. ನೀರಿಗೆ ಕೆಂಪು ದ್ರಾವಣ ಬೆರೆಸಬೇಕು. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಮಾಸುತ್ತದೆ. ಎಷ್ಟು ಮಾಸಿತು ಎಂಬುದನ್ನು ಯಂತ್ರ ಓದಿ ಹೇಳುತ್ತದೆ. ಅವಳು ಅಳೆದಾಗ ಮೂರೂವರೆ ಬಂತು. ಹಿಂದಿನ ವರ್ಷದ ವರದಿಯಲ್ಲಿ ಒಂದಕ್ಕೂ ಕಡಿಮೆ ಇತ್ತು. ತನ್ನದೇ ತಪ್ಪಿರಬೇಕು ಎಂದುಕೊಂಡು ಗಾಜಿನ ಸಾಮಾನನ್ನೆಲ್ಲ ಮತ್ತೆ ತೊಳೆದಳು. ಬೇರೆ ದಿನ ಹೊಸ ನೀರು ತಂದು ಅಳೆದಳು. ಮತ್ತೆ ಮೂರೂವರೆಯೇ ಬಂತು.

ಅವಳು ಅದನ್ನು ಅಧ್ಯಾಪಕರ ಮುಂದೆ ಇಟ್ಟಳು. ಅಧ್ಯಾಪಕರು ಕೆಟ್ಟವರಲ್ಲ. ಅದೇ ಕಾಲೇಜಿನಲ್ಲಿ ಓದಿದವರು. ಹತ್ತೊಂಬತ್ತು ವರ್ಷದ ಹಿಂದೆ ಆ ಬಾವಿಯ ನೀರನ್ನು ಮೊದಲು ಅಳೆದವರೂ ಅವರೇ. ಅವರು ಹಾಳೆಯನ್ನು ನೋಡಿ ಹಿಂದಕ್ಕೆ ಸರಿಸಿದರು. ಇಷ್ಟು ವರ್ಷದಿಂದ ಬಂದ ಉತ್ತರ ನಿನ್ನೊಬ್ಬಳಿಗೆ ಮಾತ್ರ ಬರಲಿಲ್ಲ, ನಿನ್ನ ಹಲ್ಲಿನ ಮೇಲಿನ ಸಿಟ್ಟನ್ನು ನೀರಿನ ಮೇಲೆ ತೀರಿಸಿಕೊಳ್ಳುತ್ತಿದ್ದೀಯ ಎಂದರು.

ಆ ಮಾತು ಅವಳನ್ನು ಚುಚ್ಚಿತು. ಆದರೆ ಅವಳು ಅದನ್ನು ತಳ್ಳಿಹಾಕಲಿಲ್ಲ. ನಿಜವಿರಬಹುದೇ ಎಂದು ಎರಡು ದಿನ ಯೋಚಿಸಿದಳು. ಕೊನೆಗೆ ಆರು ಕಡೆಯಿಂದ ನೀರು ತಂದು ಆರು ಬಾಟಲಿಗಳಿಗೆ ತುಂಬಿದಳು. ಯಾವುದು ಎಲ್ಲಿಯ ನೀರು ಎಂದು ಹೇಳದೆ, ಬರೀ ಸಂಖ್ಯೆ ಹಾಕಿ ಗೆಳತಿಯ ಕೈಗೆ ಕೊಟ್ಟಳು. ಗೆಳತಿ ಒಂದೊಂದಾಗಿ ಅಳೆದು ಬರೆದಳು. ಐದು ಬಾಟಲಿಗಳ ನೀರು ಮಿತಿಯೊಳಗಿತ್ತು. ಶಾಲೆಯ ಹಿಂದಿನ ಬಾವಿಯ ನೀರಿದ್ದ ಬಾಟಲಿಯ ಮುಂದೆ ಮೂರೂವರೆ ಎಂದಿತ್ತು.

ಆಮೇಲೆ ಅವಳು ಹಳೆಯ ವರದಿಗಳನ್ನು ಹುಡುಕಿಕೊಂಡು ಹೋದಳು. ಅವು ಗ್ರಂಥಾಲಯದ ಕೊನೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಎಲ್ಲದರಲ್ಲೂ ಉತ್ತರ ಪಾಯಿಂಟ್ ತೊಂಬತ್ತೆರಡು. ನೀರಿನ ಅಂಕಿ ಒಂದು ವರ್ಷ ಏರಬೇಕು, ಒಂದು ವರ್ಷ ಇಳಿಯಬೇಕು. ಇಲ್ಲಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೂರನೆಯ ಪುಟದ ಒಂದು ಅಕ್ಷರದೋಷ ಕೂಡ ವರ್ಷದಿಂದ ವರ್ಷಕ್ಕೆ ದಾಟಿಕೊಂಡು ಬಂದಿತ್ತು. ಬಾವಿಯ ಆಳ ಇನ್ನೂರು ಅಡಿ ಎಂದು ಎಲ್ಲರೂ ಬರೆದಿದ್ದರು. ಅವಳು ಪಂಚಾಯಿತಿಗೆ ಹೋಗಿ ಕಾಗದ ತೆಗೆಸಿ ನೋಡಿದಳು. ಹದಿನಾರು ವರ್ಷದ ಹಿಂದೆ ಬಾವಿ ಬತ್ತಿತ್ತು. ಆಗ ಅದನ್ನು ಐನೂರ ಇಪ್ಪತ್ತು ಅಡಿಗೆ ಕೊರೆಸಿದ್ದರು. ಊರು ಕುಡಿಯುತ್ತಿದ್ದದ್ದು ಆಳದ ಬಂಡೆಯೊಳಗಿನ, ಫ್ಲೋರೈಡ್ ಕರಗಿದ ನೀರು.

ಅವಳು ಇದನ್ನೆಲ್ಲ ಬರೆದು ಅಧ್ಯಾಪಕರ ಬಳಿಗೆ ತಂದಳು. ಒಪ್ಪಿಸಲು ಅದೇ ಕೊನೆಯ ದಿನ. ಅಧ್ಯಾಪಕರು ಪೆನ್ನು ಕೈಗೆತ್ತಿಕೊಂಡು, "ಅಂಕಿ ತಿದ್ದು, ಈಗಲೇ ಸಹಿ ಹಾಕುತ್ತೇನೆ. ನಾನು ಈ ಕೈಯಿಂದ ಅಳೆದ ನೀರು ಅದು. ನನ್ನ ನಂತರ ಹದಿನೆಂಟು ಮಂದಿ ಅದನ್ನೇ ಬರೆದಿದ್ದಾರೆ. ಅವರೆಲ್ಲರೂ ತಪ್ಪೇ?" ಎಂದರು.

"ನೀವು ಅಳೆದದ್ದು ಸರಿಯಾಗಿಯೇ ಇತ್ತು, ಸರ್. ನೀವು ಅಳೆದ ಬಾವಿ ಈಗ ಇಲ್ಲ. ಆ ಹದಿನೆಂಟು ಮಂದಿ ನೀರನ್ನು ಅಳೆಯಲಿಲ್ಲ, ನಿಮ್ಮನ್ನು ನೋಡಿ ಬರೆದರು. ಅಂಕಿ ತಿದ್ದುವುದಿಲ್ಲ" ಎಂದಳು ಅವಳು.

ಅಧ್ಯಾಪಕರು ಪೆನ್ನಿನ ಮುಚ್ಚಳ ಹಾಕಿದರು. ಸಹಿಯಿಲ್ಲದ ವರದಿಯನ್ನು ಕಾಲೇಜು ತೆಗೆದುಕೊಳ್ಳಲಿಲ್ಲ. ಅವಳು ಫೇಲಾದಳು, ಒಂದು ವರ್ಷ ಹೋಯಿತು.

ಮನೆ ಮುಟ್ಟುವ ತನಕ ಅವಳಿಗೆ ತಾನು ಮಾಡಿದ್ದು ಸರಿ ಎನ್ನಿಸಿತ್ತು. ಬಾಗಿಲಲ್ಲಿ ತಾಯಿಯ ಮುಖ ಕಂಡದ್ದೇ ಧೈರ್ಯ ಕರಗಿತು. ಅಳುತ್ತ ಎಲ್ಲ ಹೇಳಿದಳು. ತಾಯಿ ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಕೊಡದ ನೀರನ್ನು ಬಚ್ಚಲಿಗೆ ಸುರಿದು ಬಂದಳು. ಇನ್ನು ಮೇಲೆ ಎಲ್ಲಿಯ ನೀರು ತರಬೇಕು, ಅದನ್ನು ಹೇಳು ಎಂದು ಮಗಳನ್ನು ಕೇಳಿದಳು.

ಮರುದಿನ ಬೆಳಿಗ್ಗೆ ಅವಳು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ನಿಂತಳು. ಎರಡು ಗಾಜಿನ ಲೋಟ, ಒಂದು ಬಾಟಲಿ ಕೆಂಪು ದ್ರಾವಣ. ಒಂದು ಲೋಟಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಊರಾಚೆಯ ತೆರೆದ ಬಾವಿಯ ನೀರು. ಕೊಡ ಹಿಡಿದು ಬಂದ ಹೆಂಗಸರ ಮುಂದೆ ಎರಡಕ್ಕೂ ದ್ರಾವಣ ಹಾಕಿದಳು. ಒಂದು ಕೆಂಪಾಗಿಯೇ ಉಳಿಯಿತು, ಒಂದು ಮಾಸಿತು. ಕೆಲವರು ನಕ್ಕು ಕೊಡ ತುಂಬಿಕೊಂಡು ಹೋದರು. ಅವಳು ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ಪಂಚಾಯಿತಿ ಸದಸ್ಯನೊಬ್ಬ ಬಂದು, ಫೇಲಾದ ಹುಡುಗಿಯ ಮಾತು ಕೇಳಬೇಡಿ ಎಂದು ಹೆಂಗಸರನ್ನು ಗದರಿಸಿದ. ಅವಳು ದ್ರಾವಣದ ಬಾಟಲಿಯನ್ನು ಅವನ ಕೈಗೇ ಕೊಟ್ಟಳು. ನಾನು ಫೇಲಾದವಳು, ನೀವೇ ಹಾಕಿ ನೋಡಿ ಎಂದಳು. ಅವನು ಹಾಕಿದ. ಬಣ್ಣ ಮಾಸಿತು. ಅವನು ಬಾಟಲಿ ಕೆಳಗಿಟ್ಟು ಹೋದ.

ಮಳೆಗಾಲ ಶುರುವಾಗುವ ಹೊತ್ತಿಗೆ ಹೆಂಗಸರು ಒಂದು ಮೈಲಿ ದೂರದ ತೆರೆದ ಬಾವಿಗೆ ನಡೆಯತೊಡಗಿದ್ದರು. ನಲ್ಲಿಯ ಮುಂದೆ ಕೊಡದ ಸಾಲು ಇಲ್ಲವಾಯಿತು.

ಅಧ್ಯಾಪಕರು ದಿನವೂ ಆ ದಾರಿಯಲ್ಲೇ ಕಾಲೇಜಿಗೆ ಹೋಗುತ್ತಿದ್ದರು. ಒಂದು ಭಾನುವಾರ ಬಾಗಿಲು ತೆಗೆಸಿ ಪ್ರಯೋಗಶಾಲೆಗೆ ಒಬ್ಬರೇ ಬಂದರು. ಹತ್ತೊಂಬತ್ತು ವರ್ಷದ ಮೇಲೆ ಆ ಬಾವಿಯ ನೀರನ್ನು ತಾವೇ ಅಳೆದರು. ಒಂದು ಸಲವಲ್ಲ, ನಾಲ್ಕು ಸಲ. ಆಮೇಲೆ ಗ್ರಂಥಾಲಯದಿಂದ ಹದಿನೆಂಟು ವರದಿಗಳನ್ನು ತರಿಸಿಕೊಂಡರು. ಈಚಿನ ಹಲವು ವರದಿಗಳ ಕೊನೆಯಲ್ಲಿ ಅವರದೇ ಸಹಿ ಇತ್ತು. ಒಂದೊಂದರ ಮೊದಲ ಪುಟದಲ್ಲೂ ಕೆಂಪು ಶಾಯಿಯಲ್ಲಿ "ಅಳೆದದ್ದಲ್ಲ" ಎಂದು ಬರೆದು ಮತ್ತೆ ಕಪಾಟಿನಲ್ಲಿ ಇಡಿಸಿದರು.

ಅವಳು ಮರುವರ್ಷ ಅದೇ ವರದಿಯನ್ನು ತಂದಳು, ಒಂದಕ್ಷರವನ್ನೂ ಬದಲಿಸಿರಲಿಲ್ಲ. ಅಧ್ಯಾಪಕರು ಸಹಿ ಹಾಕಿದರು. ಸಹಿಯ ಕೆಳಗೆ ತಮಗೆ ಬಂದ ಅಂಕಿಯನ್ನೂ ಬರೆದರು. ಅವರು ಕ್ಷಮೆ ಕೇಳಲಿಲ್ಲ, ಅವಳು ಅದಕ್ಕಾಗಿ ಕಾಯಲೂ ಇಲ್ಲ. ಆ ಹಾಳೆಯನ್ನು ನೋಡಿದ ಮೇಲೆ ಜಿಲ್ಲೆಯಿಂದ ಅಧಿಕಾರಿಗಳು ಬಂದು ಅಳೆದರು. ಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಎಂದು ಬರೆಸಿ ಹಲಗೆ ನೆಟ್ಟರು. ಊರಿಗೆ ಬೇರೆ ಕಡೆಯಿಂದ ನೀರು ಬಂತು. ಅವಳ ಹಲ್ಲಿನ ಗೆರೆ ಹೋಗಲಿಲ್ಲ. ತಾಯಿಯ ಮೊಣಕಾಲು ಮಡಚಲಿಲ್ಲ. ಕಳೆದ ವರ್ಷವನ್ನು ಯಾರೂ ತಂದುಕೊಡಲಿಲ್ಲ. ಆದರೆ ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಬಿಳಿಯಾಗಿ ಬಂದವು.

ಗುರುಗಳು ಅಷ್ಟು ಹೇಳಿ ನಿಲ್ಲಿಸಿದರು. ಮುರಿಗೆಪ್ಪನ ಬೆನ್ನು ನೆಟ್ಟಗಾಗಿತ್ತು. ಅವನು ಎದ್ದು ಕೈಮುಗಿದ.

"ಕಲ್ಲಿನಲ್ಲಿ ಇದ್ದದ್ದನ್ನೇ ಬರೆಯುತ್ತೇನೆ, ಅಜ್ಜಾರೆ. ನೀವೇ ಹೇಳಿದ ಮೇಲೆ ನನಗೆ ಇನ್ನು ಯಾರ ಅಂಜಿಕೆಯೂ ಇಲ್ಲ."

"ನಾನು ಹೇಳಿದೆನೆಂದು ಬರೆದರೆ ಅದೂ ನಕಲೇ, ತಮ್ಮ."