ತಮಟೆ ಸುಮ್ಮನಿದ್ದ ಬೆಳಗು

ಶಿಷ್ಯ ಕೇಳಿದ: “ಗುರುಗಳೇ, ಗಿರಣಿ ಬಾಗಿಲಲ್ಲಿ ಧರಣಿ ಕೂತ ಹೆಂಗಸರ ಬಗ್ಗೆ ಇಂಗ್ಲಿಷ್ ಪತ್ರಿಕೆಗೆ ಬರೆಯಬೇಕು. ಅವರನ್ನು ಪ್ರೊಟೆಸ್ಟರ್ ಎನ್ನಲೋ, ಆಜಿಟೇಟರ್ ಎನ್ನಲೋ, ರಯಟರ್ ಎನ್ನಲೋ? ಏನು ವ್ಯತ್ಯಾಸ?”

ಗುರುಗಳು ಹೇಳಿದರು:

ಬಿಳಿ ದೊರೆಗಳ ಕಾಲದಲ್ಲಿ ಒಂದೂರಲ್ಲಿ ಒಬ್ಬ ಡಂಗುರದವನಿದ್ದ. ಅವನು ತಮಟೆ ಬಾರಿಸಿ ಎಲ್ಲ ಬೀದಿಯಲ್ಲೂ ಸಾರುವವರೆಗೆ ಯಾವ ಆಜ್ಞೆಯೂ ಜಾರಿಯಾಗುತ್ತಿರಲಿಲ್ಲ. ಅದು ಆ ಊರಿನ ಕಟ್ಟಳೆ.

ಒಂದು ಬೆಳಗ್ಗೆ ಪಟೇಲ ಅವನನ್ನು ಚಾವಡಿಗೆ ಕರೆಸಿದ. ಕೆಳಗಿನ ಕೇರಿಯವರು ಇನ್ನು ದೊಡ್ಡ ಬಾವಿಯ ನೀರು ಮುಟ್ಟಕೂಡದು, ಸಾರಿ ಬಾ ಎಂದ. ಡಂಗುರದವನ ಮನೆ ಇದ್ದದ್ದೇ ಕೆಳಗಿನ ಕೇರಿಯಲ್ಲಿ. ಅವನ ಹೆಂಡತಿ ಆಗತಾನೇ ಕೊಡ ಹಿಡಿದು ಬಾವಿಯ ಕಡೆ ಹೊರಟಿದ್ದಳು.

“ಇದನ್ನ ನಾನು ಸಾರೋದಿಲ್ಲ ಗೌಡ್ರೇ.”

“ನೀನು ಊರಿನ ಬಾಯಿ ಕಣೋ. ಬಾಯಿ ಯೋಚನೆ ಮಾಡಬಾರದು.”

“ಮುಚ್ಚಿಕೊಂಡಿರಬಹುದಲ್ಲ?”

ಚಾವಡಿಯ ಗುಮಾಸ್ತ ಊರಾಚೆ ಡೇರೆ ಹಾಕಿದ್ದ ದೊರೆಗೆ ಇಂಗ್ಲಿಷಿನಲ್ಲಿ ವರದಿ ಬರೆಯುತ್ತಿದ್ದ. ಒಬ್ಬ ಪ್ರೊಟೆಸ್ಟರ್, ಬೇಡ ಅನ್ನುತ್ತಾನೆ ಅಷ್ಟೆ, ಎಂದು ಬರೆದ.

ಡಂಗುರದವನು ತಮಟೆಯನ್ನು ಹೆಗಲಿಗೆ ಹಾಕಿಕೊಂಡು ದಿನದ ದಾರಿಯಲ್ಲೇ ನಡೆದ. ಬಾರಿಸುವ ತಿರುವಿನಲ್ಲೆಲ್ಲ ನಿಂತ. ಕೈ ಎತ್ತಲಿಲ್ಲ. ಮುಂದೆ ಹೋದ. ಜೈಲು ತಪ್ಪದು ಎಂದು ಅವನಿಗೆ ಗೊತ್ತಿತ್ತು. ಆದರೂ ದಾರಿ ಬಿಡಲಿಲ್ಲ. ಏನಾಯ್ತು ಇವನಿಗೆ ಎಂದು ಜನ ಹೊರಗೆ ಬಂದರು. ಕೇಳಿದರೆ ಅವನು ಮುಂದಿನ ತಿರುವಿಗೆ ನಡೆಯುತ್ತಿದ್ದ. ಕೇಳಿದವರು ಅವನ ಹಿಂದೆಯೇ ನಡೆದರು.

ಹತ್ತು ಜನರಾದಾಗ ಗುಮಾಸ್ತ ಕಿಟಕಿಯಿಂದ ನೋಡಿದ. ಮೊದಲಿನ ಮಾತು ಹೊಡೆದುಹಾಕಿ, ಆಜಿಟೇಟರ್, ಜನರನ್ನು ಎತ್ತಿಕಟ್ಟುತ್ತಾನೆ ಎಂದು ಬರೆದ. ಮಧ್ಯಾಹ್ನಕ್ಕೆ ಊರಿಗೆ ಊರೇ ಹಿಂದಿತ್ತು. ಗುಮಾಸ್ತ ಅದನ್ನೂ ಹೊಡೆದ. ರಯಟರ್, ದೊಂಬಿ ಎಬ್ಬಿಸಿದ್ದಾನೆ, ಪೊಲೀಸರನ್ನು ಕಳಿಸಿ ಎಂದ. ಅಷ್ಟು ಹೊತ್ತಿಗೂ ಒಂದು ಕಲ್ಲೂ ಹಾರಿರಲಿಲ್ಲ. ತಮಟೆಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ.

ಆಜ್ಞೆ ಜಾರಿಯಾಗಲಿಲ್ಲ. ಕೆಳಗಿನ ಕೇರಿಯ ಹೆಂಗಸರು ಅಂದೂ ದೊಡ್ಡ ಬಾವಿಯಲ್ಲೇ ನೀರು ಸೇದಿದರು. ಪೊಲೀಸರು ಅವನ ಕೈ ಕಟ್ಟಿ ಆ ಬಾವಿಯ ಮುಂದೆಯೇ ಕರೆದೊಯ್ದರು. ಒಬ್ಬ ಮುದುಕಿ ಅಡ್ಡ ಬಂದು, ಕೊಡ ಬಗ್ಗಿಸಿ ಅವನ ಬಾಯಿಗೆ ನೀರು ಹೊಯ್ದಳು.

“ಕುಡಿಯಪ್ಪ ದುರುಗಯ್ಯ” ಎಂದಳು.

ಗುರುಗಳು ನಿಲ್ಲಿಸಿದರು. ಶಿಷ್ಯ ಎಲ್ಲವನ್ನೂ ಬರೆದುಕೊಂಡಿದ್ದ. ಹಾಗಾದರೆ ಗಿರಣಿಯ ಹೆಂಗಸರಿಗೆ ಯಾವ ಮಾತು ಹಾಕಲಿ ಎಂದು ಮತ್ತೆ ಕೇಳಿದ.

“ಅವರಲ್ಲಿ ಒಬ್ಬಳ ಹೆಸರನ್ನಾದರೂ ಕೇಳಿಕೊಂಡು ಬಂದಿದ್ದೀಯಾ?”